ಮಗಳ ಗದ್ದದ ಮೇಲೆ ಕೂದಲು: ಮೊದಲು ಲೇಸರ್ರಾ, ಡಾಕ್ಟರ್ರಾ?

ಡೊಂಬಿವಲಿ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳಿಗೆ 17 ವರ್ಷ, ಹನ್ನೆರಡನೇ ಕ್ಲಾಸು. ಈಚೆಗೆ ಗದ್ದದ ಕೆಳಗೆ, ಕಿವಿಯ ಪಕ್ಕ, ಹೊಕ್ಕುಳ ಕೆಳಗೆ ದಪ್ಪ ಕಪ್ಪು ಕೂದಲು ಬರುತ್ತಿದೆ. ಮುಟ್ಟು ಎರಡು ತಿಂಗಳಿಗೊಮ್ಮೆ, ಕೆಲವು ಸಲ ಮೂರು ತಿಂಗಳಾದರೂ ಇಲ್ಲ. ವಾರ ವಾರ ಪಾರ್ಲರ್‌ನಲ್ಲಿ ಥ್ರೆಡ್ಡಿಂಗ್ ಮಾಡಿಸುತ್ತಾಳೆ. ಗದ್ದ ತುಂಬ ಸಣ್ಣ ಗುಳ್ಳೆ, ಗುಳ್ಳೆ ಮಾಯ್ದ ಜಾಗದಲ್ಲಿ ಕಲೆ.

ಮೊನ್ನೆ ಪೆನ್ಸಿಲ್ ಬೇಕು ಅಂತ ಅವಳ ಕಂಪಾಸ್ ಬಾಕ್ಸ್ ತೆಗೆದೆ. ಒಳಗೆ ಪ್ಲಕರ್, ಒಂದು ಪುಟ್ಟ ಕನ್ನಡಿ. ಕಾಲೇಜಿನ ಬಾತ್‌ರೂಮಿನಲ್ಲಿ ನಿಂತು ಕೀಳುತ್ತಾಳಂತೆ. ಕೋವಿಡ್ ಹೋಗಿ ಇಷ್ಟು ವರ್ಷ ಆಯಿತು, ಲೋಕಲ್ ರೈಲಿನಲ್ಲಿ ಇವಳು ಇನ್ನೂ ಮಾಸ್ಕ್ ತೆಗೆದಿಲ್ಲ. ಧೂಳಿಗೆ ಹಾಕುತ್ತಾಳೆ ಅಂತ ನಾನು ಅಂದುಕೊಂಡಿದ್ದೆ.

ಪಾರ್ಲರ್‌ನವರು ಲೇಸರ್ ಪ್ಯಾಕೇಜ್ ತಗೊಳ್ಳಿ ಅನ್ನುತ್ತಿದ್ದಾರೆ. ಊರಿಂದ ಅತ್ತೆ ಫೋನಿನಲ್ಲಿ ಅರಿಶಿನ ಹಚ್ಚಿ ಅನ್ನುತ್ತಾರೆ. ನಮ್ಮವರು "ವಯಸ್ಸಿನದ್ದು, ತಾನೇ ಹೋಗುತ್ತದೆ" ಅಂತ ಸುಮ್ಮನಿದ್ದಾರೆ. ಯಾವುದು ಮೊದಲು ಮಾಡಲಿ? ಅನುಭವ ಇದ್ದವರು ದಯವಿಟ್ಟು ಹೇಳಿ.

ಮುಳುಂದ್ ಮಲ್ಲಿಗೆ

ಅಕ್ಕಾ, ಡಾಕ್ಟರ್ ಮೊದಲು. ಮುಟ್ಟು ತಪ್ಪುವುದು, ಈ ಜಾಗಗಳಲ್ಲಿ ದಪ್ಪ ಕೂದಲು ಬರುವುದು, ಎರಡೂ ಒಟ್ಟಿಗೆ ಇದ್ದರೆ ಪಿಸಿಓಎಸ್, ಅಂದರೆ ಅಂಡಾಶಯದ ಹಾರ್ಮೋನು ಏರುಪೇರಾಗುವ ತೊಂದರೆ, ಇರಬಹುದು. ನನಗೂ ಅದೇ. ಹೆಂಗಸರ ಮೈಯಲ್ಲೂ ಸ್ವಲ್ಪ ಗಂಡು ಹಾರ್ಮೋನು ಇದ್ದೇ ಇರುತ್ತದೆ. ಅದು ಜಾಸ್ತಿಯಾದರೆ ತೆಳ್ಳಗೆ, ಬಣ್ಣ ಇಲ್ಲದೆ ಇದ್ದ ರೋಮವೇ ದಪ್ಪಗಾಗಿ ಕಪ್ಪಾಗುತ್ತದೆ. ಒಳಗಿನ ಹಾರ್ಮೋನು ಹಾಗೇ ಇದ್ದರೆ ನೀವು ಮೇಲಿಂದ ಎಷ್ಟು ತೆಗೆಸಿದರೂ ಹೊಸದಾಗಿ ಬರುತ್ತಲೇ ಇರುತ್ತದೆ. ಪ್ಯಾಕೇಜ್ ದುಡ್ಡು ದಂಡ.

ಒಂದು ಮುಖ್ಯ ವಿಷಯ. ಡಾಕ್ಟರ್ ಹತ್ತಿರ ಹೋಗುವ ವಾರ ಥ್ರೆಡ್ಡಿಂಗ್, ವ್ಯಾಕ್ಸಿಂಗ್ ಏನೂ ಮಾಡಿಸಬೇಡಿ. ನಾವೆಲ್ಲ ಮುಖ ನೀಟಾಗಿ ಮಾಡಿಕೊಂಡು ಹೋಗುತ್ತೇವೆ. ಅವರು ನೋಡಿ "ಏನೂ ಇಲ್ಲವಲ್ಲಮ್ಮ" ಅಂತ ಕಳಿಸುತ್ತಾರೆ. ಕೂದಲಿಗೆ ಒಂದು ಲೆಕ್ಕ ಇದೆ, ಫೆರಿಮನ್-ಗಾಲ್ವೇ ಸ್ಕೋರ್ ಅಂತ. ಮೇಲ್ದುಟಿ, ಗದ್ದ, ಎದೆ, ಹೊಟ್ಟೆ, ಬೆನ್ನು, ತೋಳು, ತೊಡೆ ಹೀಗೆ 9 ಕಡೆ ನೋಡಿ ಒಂದೊಂದಕ್ಕೆ 0ಯಿಂದ 4ರವರೆಗೆ ಅಂಕ ಕೊಡುತ್ತಾರೆ. ಕೂದಲೇ ಕಾಣದಿದ್ದರೆ ಏನಂತ ಅಂಕ ಕೊಡುವುದು? ಮಗಳಿಗೆ ಮುಜುಗರ ಆಗುತ್ತದೆ, ಗೊತ್ತು. ಡಾಕ್ಟರ್ ರೂಮಿನ ಬಾಗಿಲವರೆಗೆ ಮಾಸ್ಕ್ ಹಾಕಿಕೊಂಡಿರಲಿ.

ಕೊತ್ರೂಡ್ ಕಾಫಿ

ಒಂದು ಸೋನೋಗ್ರಫಿ, ಅಂದರೆ ಹೊಟ್ಟೆಯ ಸ್ಕ್ಯಾನಿಂಗ್, ಮಾಡಿಸಿ. ಅಂಡಾಶಯದಲ್ಲಿ ಗುಳ್ಳೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಅಷ್ಟು ಸಾಕು.

ಪರೇಲ್ ಲ್ಯಾಬ್‌ನವಳು

ಕೊತ್ರೂಡ್ ಕಾಫಿಯವರೇ, ಈ ಹುಡುಗಿಯ ವಯಸ್ಸಿಗೆ ಅದು ಸರಿಯಲ್ಲ. ನಾನು ಲ್ಯಾಬ್‌ನಲ್ಲಿ ಕೆಲಸ ಮಾಡುವವಳು, ಡಾಕ್ಟರ್ ಅಲ್ಲ. ಆದರೆ ಈ ವಿಷಯ ದಿನಾ ನೋಡುತ್ತೇನೆ.

ದೊಡ್ಡವರಿಗೆ 2003ರ ರಾಟರ್‌ಡ್ಯಾಮ್ ನಿಯಮ. ಮುಟ್ಟು ಏರುಪೇರು, ಗಂಡು ಹಾರ್ಮೋನು ಜಾಸ್ತಿ, ಸೋನೋಗ್ರಫಿಯಲ್ಲಿ ಸಣ್ಣ ಸಣ್ಣ ಗುಳ್ಳೆಯಂಥವು ತುಂಬಿದ ಅಂಡಾಶಯ. ಮೂರರಲ್ಲಿ ಎರಡಿದ್ದು, ಬೇರೆ ಕಾಯಿಲೆ ಇಲ್ಲ ಅಂತಾದರೆ ಪಿಸಿಓಎಸ್. ಹದಿಹರೆಯದವರಿಗೆ ಹಾಗಲ್ಲ. ಮೊದಲ ಮುಟ್ಟಾಗಿ 8 ವರ್ಷ ಆಗುವವರೆಗೆ ಸೋನೋಗ್ರಫಿ ನೋಡಿ ಪಿಸಿಓಎಸ್ ಅಂತ ತೀರ್ಮಾನ ಮಾಡಬೇಡಿ ಅಂತ ಪಿಸಿಓಎಸ್‌ನ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲೇ ಇದೆ. ಯಾಕೆಂದರೆ ಆ ವಯಸ್ಸಿನಲ್ಲಿ ಆರೋಗ್ಯವಾಗಿರುವ ಹುಡುಗಿಯರ ಅಂಡಾಶಯವೂ ಹಾಗೇ ಕಾಣುತ್ತದೆ. ಸುಮ್ನೆ ರಿಪೋರ್ಟ್ ಹಿಡಿದುಕೊಂಡು ಗಾಬರಿ ಆಗುತ್ತಾರೆ. ಇವಳಿಗೆ ಬೇಕಾದ್ದು ಉಳಿದ ಎರಡು: ಮುಟ್ಟಿನ ಲೆಕ್ಕ ಮತ್ತು ಗಂಡು ಹಾರ್ಮೋನು.

ಅಂದಹಾಗೆ ಅದು ನಿಜವಾದ ಗುಳ್ಳೆಯೂ ಅಲ್ಲ. ಪೂರ್ತಿ ಬೆಳೆಯದೆ ನಿಂತ ಅಂಡಾಣುವಿನ ಚೀಲಗಳು. ಆಪರೇಷನ್ ಮಾಡಿ ತೆಗೆಯುವಂಥದ್ದು ಏನೂ ಇರುವುದಿಲ್ಲ.

ಕೊತ್ರೂಡ್ ಕಾಫಿ

ನನ್ನ ತಂಗಿಗೆ 16ಕ್ಕೇ ಸೋನೋಗ್ರಫಿ ಮಾಡಿ ಪಿಸಿಓಡಿ (ಪಿಸಿಓಎಸ್‌ನದೇ ಇನ್ನೊಂದು ಹೆಸರು) ಅಂತ ಬರೆದುಕೊಟ್ಟರಲ್ಲ. ಆ ಡಾಕ್ಟರಿಗೆ ಗೊತ್ತಿರಲಿಲ್ವಾ?

ಪರೇಲ್ ಲ್ಯಾಬ್‌ನವಳು

ಈಗಲೂ ತುಂಬ ಕಡೆ ಹಾಗೇ ಬರೆಯುತ್ತಾರೆ. ತಂಗಿಯ ಬೇರೆ ಲಕ್ಷಣ ಏನಿತ್ತು ಅಂತ ಗೊತ್ತಿಲ್ಲದೆ ನಾನು ಹೆಚ್ಚು ಹೇಳಲಾರೆ.

ಪಾರ್ಲೆ ಅಜ್ಜಿ

ನಮ್ಮ ಕಾಲದಲ್ಲಿ ಇಷ್ಟೆಲ್ಲ ಪರೀಕ್ಷೆ ಎಲ್ಲಿತ್ತಮ್ಮ. ಕಡಲೆಹಿಟ್ಟು, ಕಸ್ತೂರಿ ಅರಿಶಿನ, ಹಾಲಿನ ಕೆನೆ ಕಲಸಿ ಒಣಗಿದ ಮೇಲೆ ಉಜ್ಜಿ ತೆಗೆಯುತ್ತಿದ್ದೆವು. ನನ್ನ ಮೊಮ್ಮಕ್ಕಳಿಗೆಲ್ಲ ಎಳೆಗೂಸಿನಿಂದ ಹಚ್ಚಿದ್ದೇನೆ, ಒಬ್ಬರ ಮೈಯಲ್ಲೂ ಕೂದಲಿಲ್ಲ. ಮಗುವಿನ ಕುತ್ತಿಗೆ ಕಪ್ಪಾಗಿದ್ದರೆ ಅದಕ್ಕೂ ಅದೇ ಉಜ್ಜಿ.

ಮುಳುಂದ್ ಮಲ್ಲಿಗೆ

ಅಜ್ಜೀ, ನಿಮ್ಮ ಪ್ರೀತಿ ದೊಡ್ಡದು. ಆದರೆ ಹಾರ್ಮೋನಿನಿಂದ ಬಂದ ದಪ್ಪ ಕೂದಲಿಗೆ ಅದು ಏನೂ ಮಾಡುವುದಿಲ್ಲ. ಬೇರು ಒಳಗಿದೆ, ನಾವು ಉಜ್ಜುವುದು ಮೇಲಿನ ಚರ್ಮ. ಮೊದಲೇ ಗುಳ್ಳೆ ಇರುವ ಮುಖವನ್ನು ಒಣ ಹಿಟ್ಟಿನಿಂದ ತಿಕ್ಕಿದರೆ ಕಲೆ ಇನ್ನೂ ಜಾಸ್ತಿ. ನಮ್ಮಮ್ಮ ನನಗೆ ಪ್ರತಿ ಭಾನುವಾರ ಉಜ್ಜುತ್ತಿದ್ದರು. ಗದ್ದ ಕೆಂಪಗೆ ಊದಿಕೊಂಡು ಸೋಮವಾರ ಶಾಲೆಗೆ ಹೋಗುವುದು ಬೇಡ ಅನ್ನಿಸುತ್ತಿತ್ತು.

ಕುತ್ತಿಗೆ ವಿಷಯ ಮಾತ್ರ ನೀವು ಎತ್ತಿದ್ದು ಒಳ್ಳೆಯದಾಯಿತು. ಡೊಂಬಿವಲಿ ಅಕ್ಕಾ, ಮಗಳ ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ವೆಲ್ವೆಟ್ ಥರ ದಪ್ಪಗಾಗಿದೆಯಾ? ಅದು ಕೊಳೆ ಅಲ್ಲ, ಉಜ್ಜಿದರೆ ಹೋಗುವುದಿಲ್ಲ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ರಕ್ತದಲ್ಲಿ ಜಾಸ್ತಿಯಾದಾಗ ಹಾಗಾಗುತ್ತದೆ. ಅದೇ ಇನ್ಸುಲಿನ್ ಅಂಡಾಶಯವನ್ನು ಕೆರಳಿಸಿ ಗಂಡು ಹಾರ್ಮೋನು ಹೆಚ್ಚಿಸುತ್ತದೆ. ಡಾಕ್ಟರಿಗೆ ಅದನ್ನೂ ತೋರಿಸಿ.

ಡೊಂಬಿವಲಿ ಅಮ್ಮ

ಹೌದು, ಕುತ್ತಿಗೆ ಹಿಂದೆ ಕಪ್ಪಿದೆ. ಸರಿಯಾಗಿ ಸ್ನಾನ ಮಾಡು ಅಂತ ಅತ್ತೆ ಅವಳಿಗೆ ಬೈಯುತ್ತಿದ್ದರು. ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಯಾರೂ ಹೇಳಿರಲಿಲ್ಲ.

ಐರೋಲಿ ಅಣ್ಣ

ಹಾಗಾದರೆ ತೂಕ ಇಳಿಸಿದರೆ ಎಲ್ಲ ಸರಿಹೋಗುತ್ತದೆ. ಪಾವ್, ಬಿಸ್ಕತ್ತು, ಕೋಲ್ಡ್ರಿಂಕ್ ನಿಲ್ಲಿಸಿ, ದಿನಾ ವಾಕಿಂಗ್ ಕಳಿಸಿ. ಈಗಿನ ಮಕ್ಕಳು ಮೊಬೈಲ್ ಹಿಡಿದು ಕೂತಿರುತ್ತಾರೆ, ಅದೇ ಕಾರಣ.

ವಾಸ್ಕೋ ಹುಡುಗಿ

ಅಣ್ಣಾ, ಹುಡುಗಿ ದಪ್ಪ ಇದ್ದಾಳೆ ಅಂತ ಆ ಅಕ್ಕ ಎಲ್ಲಿ ಹೇಳಿದ್ದಾರೆ? ನಾನು ಕಡ್ಡಿ ಹಾಗೆ ಇದ್ದೇನೆ, ನನಗೂ ಪಿಸಿಓಎಸ್ ಇದೆ. "ನೀನು ಇಷ್ಟು ತೆಳ್ಳಗೆ, ನಿನಗೆಲ್ಲಿಯ ಪಿಸಿಓಎಸ್" ಅಂತ ಒಬ್ಬ ಡಾಕ್ಟರು ವಾಪಸ್ ಕಳಿಸಿದ್ದರು. ಅದರಿಂದ ನನ್ನ ಚಿಕಿತ್ಸೆ ಎಷ್ಟು ತಡವಾಯಿತು ಗೊತ್ತಾ? ಇದು ಮೊಬೈಲ್ ನೋಡಿ ಬರುವ ಕಾಯಿಲೆ ಅಲ್ಲ. ಅಮ್ಮನಿಗೋ ಅಕ್ಕನಿಗೋ ಇದ್ದರೆ ನಮಗೂ ಬರುವುದು ಜಾಸ್ತಿ.

ಐರೋಲಿ ಅಣ್ಣ

ಬೇಜಾರು ಮಾಡಬೇಡ ತಂಗಿ. ವ್ಯಾಯಾಮ ಮಾಡಿದರೆ ಒಳ್ಳೆಯದು ತಾನೇ, ಅಷ್ಟೇ ಹೇಳಿದ್ದು.

ಮುಳುಂದ್ ಮಲ್ಲಿಗೆ

ವ್ಯಾಯಾಮ ಎಲ್ಲರಿಗೂ ಒಳ್ಳೆಯದು. ತೂಕ ಜಾಸ್ತಿ ಇದ್ದವರು ನೂರಕ್ಕೆ 5ರಿಂದ 10ರಷ್ಟು ಇಳಿಸಿದರೂ ಮುಟ್ಟು ಸರಿಯಾಗಲು ಸಹಾಯ ಆಗುತ್ತದೆ, ಸಕ್ಕರೆ ಕಾಯಿಲೆಯ ಭಯ ಕಡಿಮೆ. ಆದರೆ ಒಮ್ಮೆ ದಪ್ಪಗಾದ ಕೂದಲು ಅಷ್ಟಕ್ಕೇ ಉದುರಿಹೋಗುವುದಿಲ್ಲ. "ತೂಕ ಇಳಿಸಿಕೊಂಡು ಬಾ, ಆಮೇಲೆ ನೋಡೋಣ" ಅಂತ ಯಾವ ಡಾಕ್ಟರಾದರೂ ಅಂದರೆ, ಎರಡನ್ನೂ ಒಟ್ಟಿಗೇ ಶುರು ಮಾಡಿ ಅಂತ ಗಟ್ಟಿಯಾಗಿ ಕೇಳಿ. 17ರ ಹುಡುಗಿಗೆ ಊಟ ಬಿಡಿಸಿ ನಾಚಿಕೆ ತುಂಬಬೇಡಿ.

ಥಾಣೆ ಕೆರೆದಂಡೆ

ಲೇಸರ್ ಬಗ್ಗೆ ನಾನು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಮದುವೆಗೆ ಮುಂಚೆ ಮನೆ ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಪೂರ್ತಿ ಮುಖದ ಪ್ಯಾಕೇಜ್ ತಗೊಂಡೆ. ಮುಟ್ಟು ಹೇಗೆ ಬರುತ್ತದೆ, ಹಾರ್ಮೋನು ಚೆಕ್ ಮಾಡಿಸಿದ್ದೀರಾ, ಒಂದು ಮಾತು ಕೇಳಲಿಲ್ಲ. ಗದ್ದದಲ್ಲಿ ಕಡಿಮೆಯಾಯಿತು ನಿಜ. ಆದರೆ ಕೆನ್ನೆಯ ಅಂಚಿನಲ್ಲಿ, ದವಡೆಯ ಕೆಳಗೆ ಮೊದಲು ಬರೀ ನಯವಾದ ರೋಮ ಇದ್ದ ಜಾಗದಲ್ಲಿ ಕಪ್ಪು ಕೂದಲು ಹುಟ್ಟಿತು. ಕೇಳಿದರೆ "ಇನ್ನೊಂದು ಪ್ಯಾಕೇಜ್ ತಗೊಳ್ಳಿ" ಅಂದರು. ಆಮೇಲೆ ಚರ್ಮದ ಡಾಕ್ಟರ್ ಒಬ್ಬರು ವಿವರಿಸಿದರು. ಲೇಸರ್‌ನಿಂದ ಕೂದಲು ಕಡಿಮೆಯಾಗುವ ಬದಲು ಹೆಚ್ಚಾಗುವುದೂ ಉಂಟು. ಮುಖ, ಕುತ್ತಿಗೆಯಲ್ಲಿ ಜಾಸ್ತಿ, ಅದೂ ನಮ್ಮಂಥ ಕಂದು ಬಣ್ಣದವರಲ್ಲಿ, ಪಿಸಿಓಎಸ್ ಇದ್ದವರಲ್ಲಿ. ಆದ್ದರಿಂದ ದಪ್ಪ ಕಪ್ಪು ಕೂದಲು ಇರುವ ಜಾಗಕ್ಕೆ ಮಾತ್ರ ಹೊಡೆಸಿ. ನಯವಾದ ರೋಮದ ಕೆನ್ನೆಗೆ "ಫುಲ್ ಫೇಸ್" ಅಂತ ಹೊಡೆಸಬೇಡಿ.

ಇನ್ನು ಯಂತ್ರ. ಲೇಸರ್ ಬೆಳಕು ಕಪ್ಪು ಬಣ್ಣವನ್ನು ಹುಡುಕಿ ಸುಡುತ್ತದೆ. ಚರ್ಮದಲ್ಲೂ ಬಣ್ಣ ಜಾಸ್ತಿ ಇದ್ದರೆ ಚರ್ಮವೂ ಸುಡುತ್ತದೆ. ನಮ್ಮ ಮೈಬಣ್ಣಕ್ಕೆ 1064 ನ್ಯಾನೋಮೀಟರ್‌ನ ಎನ್‌ಡಿ-ಯಾಗ್ ಲೇಸರ್ ಹೆಚ್ಚು ಸುರಕ್ಷಿತ, 810ರ ಸುತ್ತಿನ ಡಯೋಡ್ ಕೂಡ ಬಳಸುತ್ತಾರೆ. ಯಾವ ಯಂತ್ರ, ಹೊಡೆಯುವವರು ಯಾರು, ಡಾಕ್ಟರ್ ಅಲ್ಲಿ ಇರುತ್ತಾರಾ, ಮೊದಲೇ ಕೇಳಿ. ಹೆಸರು ಹೇಳದಿದ್ದರೆ ಎದ್ದು ಬನ್ನಿ. ಕಿವಿಯ ಹಿಂದೋ ದವಡೆಯ ಕೆಳಗೋ ಒಂದು ಚುಕ್ಕೆ ಜಾಗದಲ್ಲಿ ಪರೀಕ್ಷೆ ಮಾಡಿ ತೋರಿಸಿ ಅನ್ನಿ.

ಮುಖಕ್ಕೆ 4ರಿಂದ 6 ವಾರಕ್ಕೊಮ್ಮೆ ಕರೆಯುತ್ತಾರೆ, ಸಾಮಾನ್ಯವಾಗಿ 6ರಿಂದ 8 ಸಲ ಬೇಕು. ಹಾರ್ಮೋನು ತೊಂದರೆ ಇರುವವರಿಗೆ ಆಮೇಲೂ ಆಗಾಗ ಬೇಕಾಗುತ್ತದೆ. "ಜೀವಮಾನಕ್ಕೆ ಗ್ಯಾರಂಟಿ" ಅನ್ನುವವರನ್ನು ನಂಬಬೇಡಿ. ಮತ್ತೆ, ಲೇಸರ್ ನಡೆಯುವ ತಿಂಗಳುಗಳಲ್ಲಿ ಕೀಳಲೇಬಾರದು. ಬೇರು ಕಿತ್ತರೆ ಬೆಳಕು ಹೋಗಿ ಸುಡಲು ಅಲ್ಲಿ ಏನೂ ಇರುವುದಿಲ್ಲ. ಬರೀ ಶೇವ್.

ಕೊತ್ರೂಡ್ ಕಾಫಿ

ಹುಡುಗಿ ಮುಖಕ್ಕೆ ಶೇವಿಂಗಾ? ಆಮೇಲೆ ಗಂಡಸರ ಗಡ್ಡದ ಥರ ಬರುವುದಿಲ್ವಾ?

ವಾಸ್ಕೋ ಹುಡುಗಿ

ಇಲ್ಲ, ಇಲ್ಲ, ಇಲ್ಲ. ಇದೊಂದು ಮಾತಿನಿಂದ ಎಷ್ಟು ಹುಡುಗಿಯರು ಸುಮ್ನೆ ನೋವು ತಿನ್ನುತ್ತಾರೆ. ಕೂದಲು ತುದಿಯಲ್ಲಿ ಸಣ್ಣಗೆ, ಬುಡದಲ್ಲಿ ದಪ್ಪಗೆ ಇರುತ್ತದೆ. ಬ್ಲೇಡು ತುದಿ ಕತ್ತರಿಸುತ್ತದೆ, ಉಳಿದ ಬುಡ ಮೊಂಡಾಗಿ ಕೈಗೆ ಚುಚ್ಚುತ್ತದೆ. ಅಷ್ಟೇ. ಬೇರಿಗೆ ಬ್ಲೇಡು ಮುಟ್ಟುವುದೇ ಇಲ್ಲ, ಹೊಸ ಕೂದಲು ಎಲ್ಲಿಂದ ಬರಬೇಕು?

ನನ್ನ ಗದ್ದ ಥ್ರೆಡ್ಡಿಂಗ್‌ನಿಂದ ಹಾಳಾಗಿತ್ತು. ಇಲ್ಲಿ ಮಳೆಗಾಲದ ಸೆಕೆ, ಬೆವರು, ಒಳಗೇ ಬಾಗಿದ ಕೂದಲು, ಕೀವು. ಈಗ ರಾತ್ರಿ ಮುಖ ತೊಳೆದು, ಜೆಲ್ ಹಚ್ಚಿ, ಕೂದಲು ಬೆಳೆದ ದಿಕ್ಕಿನಲ್ಲೇ ಹೊಸ ಬ್ಲೇಡಿನಿಂದ ಮೆಲ್ಲಗೆ ತೆಗೆಯುತ್ತೇನೆ. ಆಮೇಲೆ ಮಾಯಿಶ್ಚರೈಸರ್, ಹಗಲು ಸನ್‌ಸ್ಕ್ರೀನ್. ಮೊದಲ ಸಲ ರೇಜರ್ ತಂದುಕೊಟ್ಟದ್ದು ನಮ್ಮಪ್ಪ. ಹುಬ್ಬಳ್ಳಿಯಿಂದ ಬಂದು ಇಲ್ಲಿ ಬಂದರಿನಲ್ಲಿ ದುಡಿದವರು, ಹೆಚ್ಚು ಮಾತಾಡುವುದಿಲ್ಲ. ಬಾಗಿಲ ಹತ್ತಿರ ಪ್ಯಾಕೆಟ್ ಇಟ್ಟು "ಅವ್ವಾ, ನಾ ದಿನಾ ಮಾಡ್ಕೋತೀನಲ್ಲ, ನೀ ಮಾಡ್ಕೊಂಡ್ರ ಏನಾತು" ಅಂದರು.

ಐರೋಲಿ ಅಣ್ಣ

ನನಗೂ ಇಬ್ಬರು ಹೆಣ್ಣುಮಕ್ಕಳು. ನಿಮ್ಮ ತಂದೆಯ ಮಾತು ಓದಿ ಒಳ್ಳೆಯದಾಯಿತು. ಡೊಂಬಿವಲಿ ಅಕ್ಕನವರೇ, ನಿಮ್ಮವರಿಗೂ ಇದನ್ನು ಓದಿಸಿ.

ಮುಳುಂದ್ ಮಲ್ಲಿಗೆ

ಕೂದಲು ಕರಗಿಸುವ ಕ್ರೀಮು, ಬ್ಲೀಚ್ ಬಗ್ಗೆಯೂ ಎಚ್ಚರ. ಗುಳ್ಳೆ ಇರುವ ಚರ್ಮಕ್ಕೆ ಬೇಡ. ಮುಖಕ್ಕೆ ಡಾಕ್ಟರ್ ಬರೆದುಕೊಡುವ ಎಫ್ಲೋರ್ನಿಥೀನ್ ಅಂತ ಒಂದು ಕ್ರೀಮ್ ಇದೆ. ಅದು ಕೂದಲು ತೆಗೆಯುವುದಿಲ್ಲ, ಬೆಳೆಯುವ ವೇಗ ತಗ್ಗಿಸುತ್ತದೆ. ದಿನಕ್ಕೆ ಎರಡು ಸಲ, ಸುಮಾರು 8 ವಾರ ಹಚ್ಚಿದ ಮೇಲೆ ಗೊತ್ತಾಗುತ್ತದೆ. ನಿಲ್ಲಿಸಿದರೆ ಮತ್ತೆ ಮೊದಲಿನಂತೆ. ಬಿಳಿ ಕೂದಲಿಗೆ ಲೇಸರ್ ಹಿಡಿಯುವುದಿಲ್ಲ, ಅದಕ್ಕೆ ಇಲೆಕ್ಟ್ರಾಲಿಸಿಸ್. ಒಂದೊಂದೇ ಬೇರಿಗೆ ಸೂಜಿ ಇಟ್ಟು ಮಾಡುವುದರಿಂದ ತುಂಬ ಹೊತ್ತು ಹಿಡಿಯುತ್ತದೆ, ಆದರೆ ಸುಟ್ಟ ಬೇರು ಸುಟ್ಟ ಹಾಗೇ.

ಪಾರ್ಲೆ ಅಜ್ಜಿ

ಮುಟ್ಟು ನಿಂತ ಮೇಲೆ ನನಗೂ ಗದ್ದದಲ್ಲಿ ನಾಲ್ಕಾರು ಬಿಳಿ ಕೂದಲು ಬಂದಿವೆ. ಅದಕ್ಕೂ ಪರೀಕ್ಷೆ ಬೇಕಾ?

ಪರೇಲ್ ಲ್ಯಾಬ್‌ನವಳು

ಅಜ್ಜೀ, ಆ ವಯಸ್ಸಿನಲ್ಲಿ ನಾಲ್ಕಾರು ಬರುವುದು ಸಾಮಾನ್ಯ. ಯಾವ ವಯಸ್ಸಿನವರಿಗೇ ಆಗಲಿ, ಕೆಲವೇ ತಿಂಗಳಲ್ಲಿ ಮೈತುಂಬ ಕೂದಲು ಬಂದು, ಧ್ವನಿ ಗಡುಸಾಗಿ, ನೆತ್ತಿಯ ಕೂದಲು ಉದುರಿದರೆ ಮಾತ್ರ ಒಂದು ದಿನವೂ ತಡ ಮಾಡಬಾರದು. ಅಂಡಾಶಯದಲ್ಲೋ ಕಿಡ್ನಿ ಮೇಲಿನ ಅಡ್ರಿನಲ್ ಗ್ರಂಥಿಯಲ್ಲೋ ಗಡ್ಡೆ ಇರಬಹುದು. ಅಪರೂಪ, ಆದರೆ ಇರುತ್ತದೆ.

ಘಾಟಕೋಪರ್ ಗೆಳತಿ

ಮಾತ್ರೆ ವಿಷಯ ಯಾರೂ ಎತ್ತಲೇ ಇಲ್ಲ. ನನ್ನ ನಾದಿನಿಗೆ ಗರ್ಭನಿರೋಧಕ ಮಾತ್ರೆ ಬರೆದುಕೊಟ್ಟರು. ಮದುವೆಯಾಗದ ಹುಡುಗಿಗೆ ಅದನ್ನು ಕೊಟ್ಟರೆ ಮುಂದೆ ಮಕ್ಕಳಾಗುವುದಿಲ್ಲ ಅಂತ ಅತ್ತೆ ಕಸದ ಡಬ್ಬಿಗೆ ಹಾಕಿದರು. ನಿಜವಾ ಮಾರಾಯ್ತಿ ಅದು?

ಮುಳುಂದ್ ಮಲ್ಲಿಗೆ

ನಿಜ ಅಲ್ಲ. ನಾನು ಅದನ್ನೇ ತಗೊಂಡೆ, ಈಗ ಮಗನಿದ್ದಾನೆ. ಆ ಮಾತ್ರೆ ಅಂಡಾಶಯದಿಂದ ಬರುವ ಗಂಡು ಹಾರ್ಮೋನನ್ನು ತಗ್ಗಿಸುತ್ತದೆ. ಜೊತೆಗೆ ರಕ್ತದಲ್ಲಿ ಆ ಹಾರ್ಮೋನನ್ನು ಹಿಡಿದಿಟ್ಟುಕೊಳ್ಳುವ ಎಸ್‌ಎಚ್‌ಬಿಜಿ ಅನ್ನುವ ಪ್ರೋಟೀನ್ ಜಾಸ್ತಿ ಮಾಡುತ್ತದೆ. ಮುಟ್ಟೂ ಕ್ರಮಕ್ಕೆ ಬರುತ್ತದೆ. ಎಲ್ಲರಿಗೂ ಆಗುವುದಿಲ್ಲ. ರಕ್ತ ಹೆಪ್ಪುಗಟ್ಟಿದ ಇತಿಹಾಸ, ಬಿಪಿ, ಕಣ್ಣ ಮುಂದೆ ಮಿಂಚು ಬಂದು ಶುರುವಾಗುವ ಮೈಗ್ರೇನ್ ಇದ್ದರೆ ಡಾಕ್ಟರಿಗೆ ಹೇಳಲೇಬೇಕು.

6 ತಿಂಗಳಾದರೂ ತಾಳ್ಮೆ ಬೇಕು. ಒಂದು ಕೂದಲು ಬೆಳೆದು ಉದುರಿ ಹೊಸದು ಬರುವುದಕ್ಕೇ ಅಷ್ಟು ಹೊತ್ತಾಗುತ್ತದೆ. ಎರಡು ತಿಂಗಳಿಗೆ "ಏನೂ ಆಗಲಿಲ್ಲ" ಅಂತ ಬಿಟ್ಟವರನ್ನು ಬಹಳ ನೋಡಿದ್ದೇನೆ. ಅಷ್ಟರಲ್ಲೂ ಸಾಲದಿದ್ದರೆ ಗಂಡು ಹಾರ್ಮೋನಿನ ಕೆಲಸ ತಡೆಯುವ ಸ್ಪೈರನೋಲ್ಯಾಕ್ಟೋನ್ ಮಾತ್ರೆ ಸೇರಿಸುತ್ತಾರೆ. ಅದನ್ನು ತಗೊಳ್ಳುವಾಗ ಬಸಿರಾಗಲೇಬಾರದು, ಗಂಡು ಮಗುವಿನ ಬೆಳವಣಿಗೆಗೆ ತೊಂದರೆ. ಆದ್ದರಿಂದ ಅಂಗಡಿಯಿಂದ ತಾವೇ ತಂದು ನುಂಗುವ ಮಾತ್ರೆ ಅಲ್ಲ. ಸಕ್ಕರೆ ಕಾಯಿಲೆಗೂ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ಇನ್ಸುಲಿನ್‌ಗೆ, ಮುಟ್ಟಿಗೆ ಒಳ್ಳೆಯದು. ಕೂದಲಿಗೆ ಅದೊಂದನ್ನೇ ನಂಬಬೇಡಿ.

ಕೊತ್ರೂಡ್ ಕಾಫಿ

ಪುದೀನಾ ಚಹಾ?

ಪರೇಲ್ ಲ್ಯಾಬ್‌ನವಳು

ಸ್ಪಿಯರ್‌ಮಿಂಟ್ (ಒಂದು ಬಗೆಯ ಪುದೀನಾ) ಚಹಾದಿಂದ ಹಾರ್ಮೋನು ಸ್ವಲ್ಪ ಇಳಿದದ್ದು ಸಣ್ಣ ಅಧ್ಯಯನಗಳಲ್ಲಿದೆ. ಇಷ್ಟವಿದ್ದರೆ ಕುಡಿಯಲಿ. ಮಾತ್ರೆ ಬಿಟ್ಟು ಅದನ್ನೇ ಕುಡಿಯುವುದು ಬೇಡ.

ಪಣಜಿ ಪೇಟೆಯವಳು

ನನಗೆ ಒಂದು ಬೇಜಾರು. ಇಷ್ಟು ಹೊತ್ತು ಎಲ್ಲರೂ ಹೇಗೆ ತೆಗೆಯುವುದು ಅಂತಲೇ ಮಾತಾಡುತ್ತಿದ್ದೀರಿ. ತೆಗೆಯದೆ ಇರಬಹುದು ಅಂತ ಯಾರೂ ಹೇಳಲಿಲ್ಲ. ನಾನು ಮೇಲ್ದುಟಿ, ಗದ್ದ ಮುಟ್ಟುವುದನ್ನು ಬಿಟ್ಟಿದ್ದೇನೆ. ಸಕ್ಕರೆ, ಮುಟ್ಟು ಎಲ್ಲದಕ್ಕೂ ಔಷಧಿ ತಗೊಳ್ಳುತ್ತೇನೆ, ಕೂದಲು ಇರುವಷ್ಟು ಇರಲಿ. ಬ್ರಿಟನ್ನಿನ ಹರ್ನಾಮ್ ಕೌರ್‌ಗೂ ಪಿಸಿಓಎಸ್. ಪೂರ್ತಿ ಗಡ್ಡ ಬಿಟ್ಟುಕೊಂಡೇ ಗಿನ್ನೆಸ್ ದಾಖಲೆಗೆ ಸೇರಿದರು. 2024ರಲ್ಲಿ ಉತ್ತರ ಪ್ರದೇಶದ ಹತ್ತನೇ ಕ್ಲಾಸಿಗೆ ಮೊದಲು ಬಂದ ಹುಡುಗಿಯ ಫೋಟೋ ನೋಡಿ ಜನ ಅವಳ ಅಂಕ ಬಿಟ್ಟು ಮೀಸೆ ಬಗ್ಗೆ ಮಾತಾಡಿದರು. ತಪ್ಪು ಆ ಜನರದ್ದು, ಅವಳ ಮುಖದ್ದಲ್ಲ.

ಥಾಣೆ ಕೆರೆದಂಡೆ

ನಿಮ್ಮ ಧೈರ್ಯಕ್ಕೆ ನಮಸ್ಕಾರ. ಆದರೆ ಕಲ್ಯಾಣ್ ಫಾಸ್ಟ್ ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಮುಖಕ್ಕೆ ಮುಖ ತಾಗುವಂತೆ ನಿಂತ ಹುಡುಗಿಗೆ "ತೆಗೆಯಬೇಡ, ಇರಲಿ" ಅನ್ನುವುದು ನಮಗೆ ಸುಲಭ. ಅವಳಿಗೆ ಈಗ ನೆಮ್ಮದಿ ಬೇಕು. ತೆಗೆಯುವುದರಿಂದ ಸಿಕ್ಕರೆ ತೆಗೆಯಲಿ.

ಪಣಜಿ ಪೇಟೆಯವಳು

ಒಪ್ಪುತ್ತೇನೆ. ನಿರ್ಧಾರ ಅವಳದ್ದಾಗಲಿ ಅಂತಷ್ಟೇ ನನ್ನ ಮಾತು. ಅಮ್ಮನದ್ದೂ ಅಲ್ಲ, ಪಾರ್ಲರ್‌ನವರದ್ದೂ ಅಲ್ಲ.

ಘಾಟಕೋಪರ್ ಗೆಳತಿ

ಲೇಡೀಸ್ ಡಬ್ಬಿ ಅಂದಾಗ ನೆನಪಾಯಿತು. ಡೊಂಬಿವಲಿಯಲ್ಲಿ ಬೆಳಗ್ಗೆ ಫಾಸ್ಟ್ ಹತ್ತುವುದಕ್ಕೆ ಈಗಲೂ ಆಗುತ್ತದಾ? ನನ್ನ ಅಕ್ಕ ಅಲ್ಲಿಂದಲೇ ಹೊರಡುವ ಸ್ಲೋ ಹಿಡಿಯುತ್ತಾಳೆ, ಕೂತುಕೊಳ್ಳಲು ಸಿಗುತ್ತದಂತೆ.

ಡೊಂಬಿವಲಿ ಅಮ್ಮ

ಹೌದು, ನಾವೂ ಸ್ಲೋ ಲೋಕಲ್ಲೇ. ಎಲ್ಲರಿಗೂ ಕೈಮುಗಿದೆ. ನಿನ್ನೆ ರಾತ್ರಿ ಮಗಳ ಜೊತೆ ಕೂತು ಎಲ್ಲ ಓದಿದೆ. ವಾಸ್ಕೋ ಹುಡುಗಿ ಬರೆದದ್ದನ್ನು ಅವಳು ಎರಡು ಸಲ ಓದಿದಳು. ನಮ್ಮವರೂ ಓದಿದರು, ರಜೆ ಹಾಕಿ ನಾನೂ ಬರುತ್ತೇನೆ ಅಂದಿದ್ದಾರೆ. ಪ್ಯಾಕೇಜ್ ಬೇಡ ಅಂತ ಪಾರ್ಲರ್‌ಗೆ ಹೇಳಿದೆ. ಶೇವ್ ಮಾಡಿ ನೋಡುತ್ತಾಳಂತೆ, ಡಾಕ್ಟರ್‌ಗೆ ತೋರಿಸಿದ ಮೇಲೆ.

ಎಲ್ಲಿ ತೋರಿಸಲಿ? ಖಾಸಗಿಯಲ್ಲಿ ಎಲ್ಲ ಪರೀಕ್ಷೆ ಮಾಡಿಸುವಷ್ಟು ಕೈಯಲ್ಲಿಲ್ಲ. ರಕ್ತಕ್ಕೆ ಯಾವ ದಿನ ಹೋಗಬೇಕು?

ಪರೇಲ್ ಲ್ಯಾಬ್‌ನವಳು

ಅಕ್ಕಾ, ಪರೇಲ್‌ನ ಕೆಇಎಂ ಆಸ್ಪತ್ರೆಯಲ್ಲಿ ಎಂಡೋಕ್ರೈನ್ ವಿಭಾಗ ಇದೆ, ಹಾರ್ಮೋನು ನೋಡುವವರೇ. ಪರೇಲ್ ಸ್ಟೇಷನ್‌ನಲ್ಲಿ ಇಳಿದರೆ ನಡೆದೇ ಹೋಗಬಹುದು. ಬೆಳಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿ, ಸಾಲು ಉದ್ದ ಇರುತ್ತದೆ. ಯಾವ ವಾರ ಓಪಿಡಿ (ಹೊರರೋಗಿಗಳನ್ನು ನೋಡುವುದು) ಅಂತ ಮೊದಲೇ ಕೇಳಿಕೊಳ್ಳಿ. ಪುಣೆಯವರಿಗೆ ಸಸೂನ್ ಆಸ್ಪತ್ರೆ, ಗೋವಾದವರಿಗೆ ಬಾಂಬೋಳಿಯ ಜಿಎಂಸಿ (ಗೋವಾ ಮೆಡಿಕಲ್ ಕಾಲೇಜು) ಇದೆ.

ಡಾಕ್ಟರ್ ಸಾಮಾನ್ಯವಾಗಿ ಬರೆಯುವುದು: ಟೆಸ್ಟೋಸ್ಟೀರಾನ್, ಎಸ್‌ಎಚ್‌ಬಿಜಿ, ಥೈರಾಯ್ಡ್, ಪ್ರೊಲ್ಯಾಕ್ಟಿನ್, ಮತ್ತೆ 17-ಓಎಚ್‌ಪಿ. ಈ ಕೊನೆಯದು ಯಾಕೆಂದರೆ, ಅಡ್ರಿನಲ್ ಗ್ರಂಥಿಯ ಹುಟ್ಟುತೊಂದರೆಯೊಂದು ತಡವಾಗಿ ಹೊರಬಂದರೆ ನೋಡಲು ಪಿಸಿಓಎಸ್ ಥರವೇ ಇರುತ್ತದೆ. ಜೊತೆಗೆ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡುವ ಸಕ್ಕರೆ ಪರೀಕ್ಷೆ, ಕೊಲೆಸ್ಟ್ರಾಲ್. 17-ಓಎಚ್‌ಪಿಗೆ ಮುಟ್ಟಾದ ಮೊದಲ ಕೆಲವು ದಿನಗಳಲ್ಲಿ ಬೆಳಗ್ಗೆ 8 ಗಂಟೆ ಹೊತ್ತಿಗೆ ರಕ್ತ ಕೊಡುವುದು ಒಳ್ಳೆಯದು. ಸಕ್ಕರೆಗೆ ಹೇಗೂ ಖಾಲಿ ಹೊಟ್ಟೆ. ಮುಟ್ಟೇ ಬರದೆ ತಿಂಗಳಾಗಿದ್ದರೆ ಕಾಯುತ್ತಾ ಕೂರಬೇಡಿ, ಡಾಕ್ಟರನ್ನು ಕೇಳಿ.

ಕೂದಲಿಗೆ ಅಂತ ಬಯೋಟಿನ್ ಅನ್ನುವ ವಿಟಮಿನ್ ಮಾತ್ರೆ ಏನಾದರೂ ತಗೊಳ್ಳುತ್ತಿದ್ದರೆ ಮುಂಚೆಯೇ ಹೇಳಿ. ಹಾರ್ಮೋನು ರಿಪೋರ್ಟು ಏರುಪೇರಾಗುತ್ತದೆ. ಗರ್ಭನಿರೋಧಕ ಮಾತ್ರೆ ಶುರು ಮಾಡುವ ಮುಂಚೆಯೇ ರಕ್ತ ಕೊಟ್ಟುಬಿಡಿ.

ಡೊಂಬಿವಲಿ ಅಮ್ಮ

ಬಯೋಟಿನ್ ಇದೆ. ತಲೆಕೂದಲು ಉದುರುತ್ತದೆ ಅಂತ ಮೆಡಿಕಲ್ ಅಂಗಡಿಯವರು ಕೊಟ್ಟದ್ದು. ನಿಲ್ಲಿಸಲಾ?

ಪರೇಲ್ ಲ್ಯಾಬ್‌ನವಳು

ಇವತ್ತೇ ನಿಲ್ಲಿಸಿ, ಡಬ್ಬಿ ಮಾತ್ರ ಎಸೆಯಬೇಡಿ. ಎಷ್ಟು ಮಿಲಿಗ್ರಾಂ ಅಂತ ಡಾಕ್ಟರಿಗೆ ತೋರಿಸಲು ಬೇಕು. ಕಳೆದ ಆರು ತಿಂಗಳ ಮುಟ್ಟಿನ ತಾರೀಖುಗಳನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.